ಕಾಫಿ ರೆಕ್ಕೆ ಕಣ್ಣಿಗೆ ಬಡಿದ್ರೆ

ಎಲ್ರಿಗೂ ನಮಸ್ಕಾರ. ಕಾಫಿ ಕುಯ್ಲು ಜೋರಾಗಿ ನಡೀತಿದೆ, ತೋಟದಿಂದ ಬಂದು ಕೈಕಾಲು ತೊಳ್ಕೊಂಡು ರೇಡಿಯೋ ಹಾಕಿರ್ತೀರ, ಅದಕ್ಕೇ ಇವತ್ತು ಕಣ್ಣಿನ ವಿಷಯ ಹೇಳ್ತೀನಿ.

ಹೋದ ವರ್ಷ ಸಿದ್ದಾಪುರದ ಹತ್ರ ನಮ್ಮ ಚಿಕ್ಕಪ್ಪ ರೋಬಸ್ಟಾ ಕುಯ್ತಾ ಇದ್ರು, ಬಗ್ಗಿಸಿ ಹಿಡಿದಿದ್ದ ರೆಕ್ಕೆ, ಅಂದ್ರೆ ಕಾಫಿ ಗಿಡದ ಕೊಂಬೆ, ಕೈ ಜಾರಿ ಸಟ್ ಅಂತ ಎಡಗಣ್ಣಿಗೆ ಬಡೀತು. ನೀರಲ್ಲಿ ತೊಳ್ಕೊಂಡು ಮತ್ತೆ ಕೆಲಸಕ್ಕೆ ಇಳಿದ್ರು. ಮಾರನೇ ದಿನ ಕಣ್ಣು ಕೆಂಪು, ಬೆಳಕು ನೋಡಕ್ಕಾಗಲ್ಲ, ಒಳಗೆ ಮರಳು ಸಿಕ್ಕಂಗೆ ಚುಚ್ತಿದೆ ಅಂದ್ರು. ಕಣ್ಣು ಬೇನೆ ಇರ್ಬೇಕು ಅಂತ, ಹಿಂದೆ ಯಾರಿಗೋ ಬರ್ಕೊಟ್ಟಿದ್ದ ಡ್ರಾಪ್ಸ್ ಮನೇಲಿತ್ತು, ಅದನ್ನೇ ನಾನೇ ಬಿಟ್ಟೆ. ಎರಡು ದಿನ ಕೆಂಪು ಇಳೀತು. ಐದನೇ ದಿನ ನೋಡಿದ್ರೆ ಕರಿಗುಡ್ಡೆ ಮೇಲೆ ಸಾಸಿವೆ ಕಾಳಷ್ಟು ಬಿಳಿ ಚುಕ್ಕೆ.

ಕರಿಗುಡ್ಡೆ ಮೇಲೆ ಗಾಜಿನ ಥರ ಒಂದು ಪದರ ಇದೆ, ಕಾರ್ನಿಯಾ ಅಂತಾರೆ, ದಪ್ಪ ಬರೀ ಅರ್ಧ ಮಿಲಿಮೀಟರು. ಅದರಲ್ಲಿ ರಕ್ತನಾಳ ಇಲ್ಲ, ನರಗಳು ಮಾತ್ರ ತುಂಬಾ, ಅದಕ್ಕೇ ಸಣ್ಣ ಗೀರು ಬಿದ್ರೂ ಅಷ್ಟು ನೋವು. ಎಲೆ ಕಡ್ಡಿ ಮೇಲಿರೋ ಬೂಷ್ಟು ಆ ಗೀರಿನೊಳಗೆ ಸೇರ್ಕೊಂಡು ಅಲ್ಲೇ ಬೆಳೆಯುತ್ತೆ, ಉರಿಯೂತ ಆಗಿ ಹುಣ್ಣಾಗುತ್ತೆ, ಡಾಕ್ಟ್ರು ಇದನ್ನ ಕೆರಟೈಟಿಸ್ ಅಂತಾರೆ.

ಆಸ್ಪತ್ರೇಲಿ ಕಣ್ಣಿಗೆ ಹಳದಿ ಔಷಧಿ ಮುಟ್ಟಿಸಿ ನೀಲಿ ಲೈಟ್ ಹಾಕಿದ್ರು, ಹುಣ್ಣಿರೋ ಜಾಗ ಮಾತ್ರ ಹಸಿರಾಗಿ ಹೊಳೀತು. ಚೂರು ಕೆರೆದು ಮೈಕ್ರೋಸ್ಕೋಪಲ್ಲಿ ನೋಡಿದಾಗ ಬೂಷ್ಟಿನ ಎಳೆಗಳು. ನಾನು ಬಿಟ್ಟ ಡ್ರಾಪ್ಸಲ್ಲಿ ಸ್ಟಿರಾಯ್ಡ್ ಇತ್ತಂತೆ, ಅದು ಕೆಂಪು ಇಳಿಸುತ್ತೆ, ಆದ್ರೆ ಬೂಷ್ಟನ್ನ ತಡೆಯೋ ಶಕ್ತೀನೂ ಕುಗ್ಗಿಸುತ್ತೆ. ಅದನ್ನ ಕೇಳಿದ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ಆಮೇಲೆ ಬೂಷ್ಟಿಗೆ ಬಿಡೋ ನಾಟಮೈಸಿನ್ ಡ್ರಾಪ್ಸ್, ಮೊದಮೊದಲು ಗಂಟೆಗೊಂದು ಸಲ, ಎರಡು ತಿಂಗಳ ಹತ್ರ ಬಿಟ್ವಿ. ಹುಣ್ಣು ವಾಸಿಯಾಯ್ತು, ಕಲೆ ಉಳೀತು. ಹಿರಿಯರು ಕಣ್ಣಿಗೆ ಹೂ ಬಿದ್ದಿದೆ ಅಂತಿದ್ರಲ್ಲ, ಅದೇ.

ಕುಯ್ಲಾಗ್ಲಿ, ನೆರಳು ಮರದ ಕೊಂಬೆ ಕಡಿಯೋ ಮರಗಸಿ ಆಗ್ಲಿ, ಕಳೆ ಮಿಷನ್ ಹಿಡಿಯೋದಾಗ್ಲಿ, ಒಂದು ಪ್ಲಾಸ್ಟಿಕ್ ಕನ್ನಡಕ ಹಾಕ್ಕೊಳ್ಳಿ ದಯವಿಟ್ಟು. ಏಟು ಬಿತ್ತಾ, ಉಜ್ಜಬೇಡಿ, ಎದೆಹಾಲು, ಸೊಪ್ಪಿನ ರಸ, ಹಳೇ ಡ್ರಾಪ್ಸ್ ಏನೂ ಬಿಡಬೇಡಿ, ಅವತ್ತೇ ಕಣ್ಣಿನ ಡಾಕ್ಟ್ರ ಹತ್ರ ಹೋಗಿ, ಕೂಲಿ ಹೋದ್ರೆ ಹೋಗ್ಲಿ. ತೋಟದ ಲೈನ್ ಮನೇಲಿರೋ ಕೂಲಿಯವರನ್ನ ಯಜಮಾನ್ರೇ ಗಾಡೀಲಿ ಕರ್ಕೊಂಡು ಹೋಗ್ಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕೋ ಮಕ್ಕಳೂ ಅಷ್ಟೇ, ಇಂಥ ಹುಣ್ಣು ಆಗದಂಗೆ ನಲ್ಲಿ ನೀರಲ್ಲಿ ಲೆನ್ಸ್ ತೊಳೀಬೇಡಿ, ಹಾಕ್ಕೊಂಡೇ ಮಲಗ್ಬೇಡಿ.

ಚಿಕ್ಕಪ್ಪ ಈ ಸಲಾನೂ ಕುಯ್ಲಿಗೆ ಬರ್ತಿದ್ದಾರೆ. ಬಲಗಣ್ಣು ಮುಚ್ಚಿದ್ರೆ ಹಣ್ಣು ಯಾವ್ದು ಹಸಿರು ಕಾಯಿ ಯಾವ್ದು ಅಂತ ಗೊತ್ತಾಗಲ್ಲ ಅವರಿಗೆ.