ಏಳು ಗಂಟೆಯ ಮೀಟಿಂಗು

ಕೇಳುಗರಿಗೆ ನಮಸ್ಕಾರ. ಕುಡಿತ ಬಿಡಬೇಕು ಅಂತ ಬೆಳಿಗ್ಗೆ ನಿರ್ಧಾರ ಮಾಡಿದವರಿಗೂ ಸಂಜೆಯ ಹೊತ್ತು ದಾಟುವುದೇ ಕಷ್ಟ. ಕೆಲಸ ಮುಗಿದಿರುತ್ತದೆ, ಬಸ್ಸಿಳಿದ ಸ್ಟಾಪಿನ ಪಕ್ಕದಲ್ಲೇ ವೈನ್ ಶಾಪು, ಜೇಬಿನಲ್ಲಿ ಒಂದು ನೈಂಟಿಗಾಗುವಷ್ಟು ದುಡ್ಡು. ಕುಡಿತ ಬಿಡಬೇಕೆನ್ನುವವರು ಒಟ್ಟಿಗೆ ಕೂತು ಮಾತಾಡುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು, ಎಲ್ಲರೂ ಎಎ ಮೀಟಿಂಗ್ ಅನ್ನುತ್ತಾರಲ್ಲ ಅವು, ಸಾಮಾನ್ಯವಾಗಿ ಇದೇ ಹೊತ್ತಿಗೆ ನಡೆಯುತ್ತವೆ. ಅವನ್ನು ಹುಡುಕುವುದು ಹೇಗೆ, ಒಳಗೆ ಏನು ನಡೆಯುತ್ತದೆ ಅನ್ನುವುದೇ ಇವತ್ತಿನ ಮಾತು.

ಅದಕ್ಕೂ ಮೊದಲು ಒಂದು ಎಚ್ಚರಿಕೆ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುತ್ತದೆ, ಒಂದು ಗುಟುಕು ಹಾಕಿದ ಮೇಲೆ ನಿಲ್ಲುತ್ತದೆ ಅನ್ನುವವರು ತಮ್ಮಷ್ಟಕ್ಕೆ ತಾವೇ ದಿಢೀರನೆ ಬಿಡಬಾರದು. ಕೊನೆಯ ಗುಟುಕಾದ 6ರಿಂದ 24 ಗಂಟೆಗಳೊಳಗೆ ನಡುಕ, ಬೆವರು ಶುರುವಾಗುತ್ತದೆ. ಮೊದಲ 2 ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಾಣುವುದು, ಎಲ್ಲಿದ್ದೇನೆ ಅನ್ನುವುದೇ ತಿಳಿಯದಂತಾಗುವುದು. ಇದರಿಂದ ಪ್ರಾಣವೇ ಹೋಗಬಹುದು. ಕೋಣೆಗೆ ಕೂಡಿ ಬೀಗ ಹಾಕುವುದು ಇದಕ್ಕೆ ಚಿಕಿತ್ಸೆಯಲ್ಲ. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೋ, ಬೆಂಗಳೂರಿನವರಾದರೆ ನಿಮ್ಹಾನ್ಸ್‌ಗೋ ಮೊದಲು ಹೋಗಿ. ನಡುಕ ಇಳಿಸುವ ಮಾತ್ರೆಯನ್ನೂ ಬಿ1 ವಿಟಮಿನ್ನನ್ನೂ ಅಲ್ಲಿ ಲೆಕ್ಕ ನೋಡಿ ಕೊಡುತ್ತಾರೆ. ಮೀಟಿಂಗು ಆ ಕೆಲಸ ಮಾಡುವುದಿಲ್ಲ, ಅಲ್ಲಿ ಡಾಕ್ಟರೂ ಇರುವುದಿಲ್ಲ. ಮೈ ಸರಿಹೋಗಿ ಮನೆಗೆ ಬಂದ ಮೇಲಿನ ಸಂಜೆಗಳಿವೆಯಲ್ಲ, ಅದರ ಕೆಲಸ ಅಲ್ಲಿಂದ.

ಹುಡುಕುವುದಕ್ಕೆ ಒಳ್ಳೆಯ ಜಾಗ ಅದೇ ಆಸ್ಪತ್ರೆ. ಬಿಡುಗಡೆಯಾಗುವ ದಿನ ಅಲ್ಲಿನ ಕೌನ್ಸೆಲರನ್ನು ಕೇಳಿದರೆ ಹತ್ತಿರದ ಗುಂಪು ಯಾವುದು ಅಂತ ಹೇಳಬಲ್ಲರು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಎಎ ಭಾರತದ ವೆಬ್‌ಸೈಟಿನಲ್ಲೂ ಊರುವಾರು ಪಟ್ಟಿಯಿದೆ. ಆದರೆ ಪಟ್ಟಿ ನಂಬಿ ನೇರ ಹೊರಡಬೇಡಿ. ಹಾಲ್ ಬದಲಾಗಿರುತ್ತದೆ, ವಾರ ಬದಲಾಗಿರುತ್ತದೆ. ಬೀಗ ಹಾಕಿದ ಗೇಟು ನೋಡಿ ವಾಪಸಾದವನು ಹೋಗುವುದು ಅದೇ ವೈನ್ ಶಾಪಿಗೆ. ಅವತ್ತು ಬೆಳಿಗ್ಗೆಯೇ ಫೋನ್ ಮಾಡಿ ಮೂರು ವಿಷಯ ಕೇಳಿ: ಇವತ್ತು ನಡೆಯುತ್ತದೆಯೇ, ಮಾತು ಕನ್ನಡದಲ್ಲೋ ಇಂಗ್ಲಿಷಿನಲ್ಲೋ, ಓಪನ್ನೋ ಕ್ಲೋಸ್ಡೋ. ಓಪನ್ ಮೀಟಿಂಗಿಗೆ ಮನೆಯವರೂ ಬರಬಹುದು, ಕ್ಲೋಸ್ಡ್ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಹೆಂಗಸರು, ಹೆಂಗಸರದ್ದೇ ಗುಂಪು ಇದೆಯೇ ಅಂತಲೂ ಕೇಳಿ. ಇಲ್ಲದಿದ್ದರೆ ಆನ್‌ಲೈನ್ ಸಭೆಗಳಿವೆ.

ಹಳ್ಳಿಗಳಲ್ಲಿ ಇನ್ನೊಂದು ದಾರಿಯಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಜೊತೆ ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರ 8 ದಿನದ್ದು. ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಮತ್ತೆ ಸೇರುತ್ತಾರೆ. ಶಿಬಿರಕ್ಕೆ ಹೋಗಿ ಬಂದು ಸಮಿತಿಗೆ ಹೋಗದಿದ್ದರೆ ಅರ್ಧ ಕೆಲಸ ಬಾಕಿ ಉಳಿದ ಹಾಗೆ.

ಸರಿ, ಎಎ ಮೀಟಿಂಗಿನ ಬಾಗಿಲಿಗೆ ಬಂದಿರಿ. ಶಾಲೆಯ ಕೊಠಡಿಯೋ, ಚರ್ಚಿನ ಪಕ್ಕದ ಹಾಲೋ ಆಗಿರಬಹುದು. ಚರ್ಚಿನಲ್ಲಿದ್ದ ಮಾತ್ರಕ್ಕೆ ಅದು ಚರ್ಚಿನ ಸಭೆಯಲ್ಲ, ಬಾಡಿಗೆಗೆ ಪಡೆದ ಜಾಗ ಅಷ್ಟೆ. ಹತ್ತು ನಿಮಿಷ ಮೊದಲೇ ಹೋಗಿ. ಕುರ್ಚಿ ಜೋಡಿಸುತ್ತಿರುವವರ ಹತ್ತಿರ 'ಹೊಸಬ' ಅಂದರೆ ಸಾಕು. ಹಾಜರಿ ಪುಸ್ತಕ ಇಲ್ಲ, ಪ್ರವೇಶ ಶುಲ್ಕ ಇಲ್ಲ, ಜಾತಿ ಊರು ಕೇಳುವುದಿಲ್ಲ. ಕುಡಿತ ನಿಲ್ಲಿಸುವ ಆಸೆಯೊಂದೇ ಸದಸ್ಯತ್ವ. ಒಂದು ಗಂಟೆ, ಒಂದೂವರೆ ಗಂಟೆ ನಡೆಯುತ್ತದೆ. ಒಬ್ಬೊಬ್ಬರಾಗಿ ಹೆಸರು ಹೇಳಿ ತಮ್ಮ ಪಾಡು ಹೇಳಿಕೊಳ್ಳುತ್ತಾರೆ. ಮಧ್ಯೆ ಬಾಯಿ ಹಾಕುವುದಾಗಲಿ ಬುದ್ಧಿ ಹೇಳುವುದಾಗಲಿ ಇಲ್ಲ. ನಿಮ್ಮ ಸರದಿ ಬಂದಾಗ 'ಇವತ್ತು ಕೇಳ್ತೀನಿ' ಅಂದು ಬಿಡಬಹುದು. ಕಾಣಿಕೆಯ ಡಬ್ಬಿ ಬಂದರೆ ಹೊಸಬರು ಪಕ್ಕಕ್ಕೆ ದಾಟಿಸಿದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. 1935ರಲ್ಲಿ ಅಮೆರಿಕದ ಏಕ್ರನ್ ಊರಿನಲ್ಲಿ ಒಬ್ಬ ಷೇರು ದಲ್ಲಾಳಿ, ಒಬ್ಬ ಶಸ್ತ್ರವೈದ್ಯ, ಇಬ್ಬರೂ ಕುಡುಕರೇ, ಎದುರುಬದುರು ಕೂತು ಮಾತಾಡಿದ್ದೇ ಇದರ ಮೂಲ. ಇವತ್ತಿಗೂ ಮೀಟಿಂಗಿನಲ್ಲಿ ಮುಖ್ಯವಾಗಿ ನಡೆಯುವುದು ಅಷ್ಟೇ.

ಮೊದಲ ಸಲ ಹೋದವರಲ್ಲಿ ಹಲವರು 'ಇದು ನನಗಲ್ಲ' ಅಂತ ಎದ್ದು ಬರುತ್ತಾರೆ. ಬೇರೆಯವರ ಕಥೆ ತಮ್ಮದಕ್ಕಿಂತ ಭೀಕರ, ನಾನಿನ್ನೂ ಅಷ್ಟು ಕೆಟ್ಟಿಲ್ಲ ಅನ್ನಿಸುತ್ತದೆ. ಆರು ಮೀಟಿಂಗು ಮುಗಿಯುವವರೆಗೆ ಆ ತೀರ್ಪು ಬೇಡ. ಎರಡು ಬೇರೆ ಗುಂಪು ನೋಡಿ, ಹೊಂದಿದ್ದನ್ನು ಹಿಡಿಯಿರಿ. ಹೊರಡುವ ಮೊದಲು ಕನಿಷ್ಠ ಮೂವರ ಫೋನ್ ನಂಬರ್ ಬರೆದುಕೊಳ್ಳಿ, ಗಂಡಸರು ಗಂಡಸರದ್ದು, ಹೆಂಗಸರು ಹೆಂಗಸರದ್ದು. ಸಂಬಳದ ದಿನ ಸಂಜೆ ಬಸ್‌ಸ್ಟಾಪಿನಲ್ಲಿ ನಿಂತಾಗ ಕರೆ ಮಾಡುವುದಕ್ಕೇ ಅವು ಇರುವುದು, ಕುಡಿದ ಮೇಲಲ್ಲ. ಸದಸ್ಯರ ನಡುವೆ ಸಾಲ ಕೊಡುವುದು, ತೆಗೆದುಕೊಳ್ಳುವುದು ಮಾತ್ರ ಬೇಡ. ಅದರಿಂದ ಗುಂಪೇ ಒಡೆಯುತ್ತದೆ. ಕುಡಿದು ಜಾರಿದರೆ ಅದೇ ವಾರ ಹೋಗಿ ಹಿಂದಿನ ಸಾಲಿನಲ್ಲಿ ಕೂರಿ. ದಿನಗಳ ಲೆಕ್ಕ ಒಂದರಿಂದ ಶುರುವಾಗುತ್ತದೆ, ಕುರ್ಚಿಯನ್ನಂತೂ ಯಾರೂ ಕಿತ್ತುಕೊಳ್ಳುವುದಿಲ್ಲ.

ಮನೆಯವರಿಗೆ ಎರಡು ಮಾತು. ಕುಡಿತ ಬಿಡಿಸುವ ಮಾತ್ರೆ ಅಂತ ಡೈಸಲ್ಫಿರಾಮನ್ನು ಸಾರಿನಲ್ಲಿ ಕದ್ದು ಹಾಕಬೇಡಿ. ತಿಳಿಯದೆ ಅದರ ಮೇಲೆ ಕುಡಿದರೆ ವಾಂತಿಯಾಗಿ, ಬಿಪಿ ಕುಸಿದು ಜೀವಕ್ಕೇ ಅಪಾಯ. ನಿಮ್ಮ ಸಂಕಟಕ್ಕೆ ಅಲ್-ಅನಾನ್ ಅನ್ನುವ ಬೇರೆಯೇ ಸಭೆಗಳಿವೆ, ಕುಡಿಯುವವರು ಬಿಡಲಿ ಬಿಡದಿರಲಿ ನೀವು ಹೋಗಬಹುದು. ಮೀಟಿಂಗ್ ಮುಗಿಸಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ 'ಅಲ್ಲಿ ಯಾರ್ಯಾರಿದ್ದರು, ಏನೇನು ಹೇಳಿದರು' ಅಂತ ಕೇಳಬೇಡಿ. ಅಲ್ಲಿ ಕೇಳಿದ್ದನ್ನು ಹೊರಗೆ ಆಡುವಂತಿಲ್ಲ. ಊಟ ಬಡಿಸುತ್ತಾ, ಮುಂದಿನ ಮೀಟಿಂಗು ಯಾವಾಗ ಅಂತ ಕೇಳಿ. ಕೈಬರಹದಲ್ಲಿ ಕ್ಯಾಲೆಂಡರಿನ ಆ ತಾರೀಖಿನ ಮೇಲೆ '7 ಗಂಟೆ' ಅಂತ ಬರೆದಿಡಿ.