ಬ್ಯಾಟರಿಯ ಹನ್ನೆರಡು ಗೆರೆ

ಕೇಳುಗರಿಗೆ ನಮಸ್ಕಾರ.

ಎಲೆಕ್ಟ್ರಿಕ್ ಕಾರು ತಗೊಳ್ಳೋಣ ಅಂತ ಮನೆಯಲ್ಲಿ ಮಾತು ಎತ್ತಿದರೆ ಸಾಕು, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, "ಎಂಟು ವರ್ಷ ಆದಮೇಲೆ ಬ್ಯಾಟರಿ ಹೋದ್ರೆ ಏನ್ ಮಾಡ್ತೀಯಪ್ಪಾ?" ನ್ಯಾಯವಾದ ಪ್ರಶ್ನೆಯೇ. ಕಾರಿನ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದು. ಆದರೆ ಉತ್ತರಕ್ಕಾಗಿ ಕಣಿ ಕೇಳಬೇಕಾಗಿಲ್ಲ. ಈ ಪಾಡನ್ನೆಲ್ಲ ಆಗಲೇ ಪಟ್ಟಿರುವ ಕಾರೊಂದಿದೆ. ಜಪಾನಿನ ನಿಸಾನ್ ಲೀಫ್.

2010ರ ಡಿಸೆಂಬರ್‌ನಲ್ಲಿ ಲೀಫ್ ರಸ್ತೆಗಿಳಿಯಿತು. 24 ಕಿಲೋವ್ಯಾಟ್ ಅವರ್ ಬ್ಯಾಟರಿ. ನಮ್ಮ ಕರೆಂಟ್ ಬಿಲ್ ಲೆಕ್ಕದಲ್ಲಿ 24 ಯೂನಿಟ್. ಡ್ರೈವರ್ ಮುಂದಿನ ಪರದೆಯ ಬಲಗಡೆ ಎರಡು ಸಾಲು ಗೆರೆಗಳಿವೆ. ದಪ್ಪ ಗೆರೆಗಳು ಈಗ ಎಷ್ಟು ಚಾರ್ಜ್ ಇದೆ ಅಂತ ತೋರಿಸುತ್ತವೆ. ಅವುಗಳ ಪಕ್ಕದ ಪುಟ್ಟ ಗೆರೆಗಳು ಬ್ಯಾಟರಿಗೆ ತುಂಬಿಕೊಳ್ಳುವ ಶಕ್ತಿ ಎಷ್ಟು ಉಳಿದಿದೆ ಅನ್ನುವುದನ್ನು ತೋರಿಸುತ್ತವೆ. ಹೊಸ ಕಾರಿನಲ್ಲಿ ಅವು ಹನ್ನೆರಡು. ಹನ್ನೊಂದಕ್ಕೆ ಇಳಿದರೆ ಹನ್ನೆರಡನೇ ಒಂದು ಭಾಗ ಹೋಯಿತು ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಲ್ಲ. ಮೊದಲ ಗೆರೆ ಆರುವ ಹೊತ್ತಿಗೆ ಸುಮಾರು ಶೇಕಡಾ 15ರಷ್ಟು ಶಕ್ತಿ ಹೋಗಿರುತ್ತದೆ. ಆಮೇಲಿನ ಗೆರೆಗಳು ಶೇಕಡಾ ಆರು ಚಿಲ್ಲರೆಗೆ ಒಂದರಂತೆ ಆರುತ್ತವೆ.

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಫೀನಿಕ್ಸ್ ಅಂತ ಊರು. ನಮ್ಮ ರಾಯಚೂರು, ಕಲಬುರಗಿಯವರಿಗೂ ಬೆವರು ಇಳಿಸುವಂಥ ಬಿಸಿಲು. 2012ರ ಬೇಸಿಗೆಯಲ್ಲಿ ಅಲ್ಲಿನ ಲೀಫ್‌ಗಳಲ್ಲಿ ಗೆರೆಗಳು ಆರತೊಡಗಿದವು. ಕಾರು ಕೊಂಡು ಎರಡು ವರ್ಷವೂ ತುಂಬಿರಲಿಲ್ಲ. ಗಲಾಟೆಯಾಯಿತು, ಕೋರ್ಟಿಗೂ ಹೋದರು. ನಿಸಾನ್ ಏಳು ಕಾರುಗಳನ್ನು ತನ್ನ ಪರೀಕ್ಷಾ ಮೈದಾನಕ್ಕೆ ಒಯ್ದು ನೋಡಿತು. ಬ್ಯಾಟರಿಯಲ್ಲಿ ದೋಷವಿಲ್ಲ, ಬಿಸಿಲೂ ಜಾಸ್ತಿ, ಓಡಿಸಿರುವುದೂ ಜಾಸ್ತಿ ಎಂದಿತು. ಬಿಸಿಲಿನ ಊರಲ್ಲಿ ಕಾರು ಮಾರಿದ ಮೇಲೆ ಬಿಸಿಲನ್ನೇ ದೂರಿದರೆ ಗಿರಾಕಿ ಒಪ್ಪುತ್ತಾನೆಯೇ?

ಒಳಗೆ ಆಗುವುದು ಇಷ್ಟು. ಚಾರ್ಜ್ ಮಾಡುವಾಗ ಲಿಥಿಯಂ ಒಂದು ಪದರದಿಂದ ಗ್ರಾಫೈಟ್ ಪದರಕ್ಕೆ ಹೋಗುತ್ತದೆ, ಕಾರು ಓಡುವಾಗ ವಾಪಸ್ ಬರುತ್ತದೆ. ಗ್ರಾಫೈಟ್ ಮೇಲೆ ತೆಳ್ಳನೆಯ ಒಂದು ಪೊರೆ ಕಟ್ಟುತ್ತದೆ. ಅದು ಬೇಕು, ಇಲ್ಲದಿದ್ದರೆ ಬ್ಯಾಟರಿ ಬಾಳುವುದೇ ಇಲ್ಲ. ಆದರೆ ಪೊರೆ ಬೆಳೆದಂತೆಲ್ಲ ಒಂದಿಷ್ಟು ಲಿಥಿಯಂ ಅದರಲ್ಲೇ ಸಿಕ್ಕಿಬೀಳುತ್ತದೆ. ಸೆಕೆ ಹೆಚ್ಚಾದಷ್ಟೂ ಪೊರೆ ಬೇಗ ಬೆಳೆಯುತ್ತದೆ. ಪೂರ್ತಿ ಚಾರ್ಜ್ ಮಾಡಿ ಬಿಸಿಲಲ್ಲಿ ಸುಮ್ನೆ ನಿಲ್ಲಿಸಿದರೂ ಅಷ್ಟೇ. ಲೀಫ್‌ನ ಬ್ಯಾಟರಿಯನ್ನು ತಂಪು ಮಾಡಲು ದ್ರವವೂ ಇರಲಿಲ್ಲ, ಫ್ಯಾನೂ ಇರಲಿಲ್ಲ. ಈಗ ಎಷ್ಟೋ ಕಾರುಗಳ ಬ್ಯಾಟರಿಗೆ, ನಮ್ಮ ಟಾಟಾ ನೆಕ್ಸಾನ್ ಇವಿಯೂ ಸೇರಿ, ದ್ರವ ಹರಿಸಿ ತಂಪು ಮಾಡುತ್ತಾರೆ.

ಕೊನೆಗೆ ನಿಸಾನ್ ಬಗ್ಗಿತು. ಐದು ವರ್ಷ ಅಥವಾ ಸುಮಾರು 96,000 ಕಿಲೋಮೀಟರ್ ಒಳಗೆ ಒಂಬತ್ತು ಗೆರೆಗಿಂತ ಕೆಳಗಿಳಿದರೆ ತನ್ನ ಖರ್ಚಿನಲ್ಲಿ ಸರಿಮಾಡಿಕೊಡುವುದಾಗಿ ಗ್ಯಾರಂಟಿ ಕೊಟ್ಟಿತು. 2014ರಲ್ಲಿ ಬದಲಿ ಬ್ಯಾಟರಿಗೆ ಬೆಲೆಯನ್ನೂ ಹೇಳಿತು: 5,499 ಡಾಲರ್, ಹಳೇದನ್ನು ವಾಪಸ್ ಕೊಡಬೇಕು. ಈ ವಾಪಸ್ ಬಂದ ಬ್ಯಾಟರಿಗಳನ್ನು ಏನು ಮಾಡುವುದು?

ಅದನ್ನು ನೋಡಬೇಕಾದರೆ ಜಪಾನಿನ ಫುಕುಶಿಮಾ ಪ್ರಾಂತ್ಯದ ನಾಮಿಯೆಗೆ ಹೋಗಬೇಕು. 2011ರ ಅಣುಸ್ಥಾವರದ ಅವಘಡದಲ್ಲಿ ಜನರೆಲ್ಲ ಬಿಟ್ಟುಹೋದ ಊರದು. 2018ರ ಮಾರ್ಚ್‌ನಲ್ಲಿ ನಿಸಾನ್ ಮತ್ತು ಸುಮಿಟೊಮೊ ಕಂಪನಿಗಳ ಜಂಟಿ ಸಂಸ್ಥೆ ಫೋರ್ ಆರ್ ಎನರ್ಜಿ ಅಲ್ಲಿ ಕಾರ್ಖಾನೆ ತೆರೆಯಿತು. ಹಳೇ ಲೀಫ್ ಬ್ಯಾಟರಿ ಬಿಚ್ಚಿದರೆ ಒಳಗೆ ಸಾಲಾಗಿ ಜೋಡಿಸಿದ 48 ಮಾಡ್ಯೂಲ್. ಚಪ್ಪಟೆಯಾದ ಬೆಳ್ಳಗಿನ ಲೋಹದ ಡಬ್ಬಿಗಳು. ಒಂದೊಂದರಲ್ಲಿ ನಾಲ್ಕು ಸೆಲ್, ಒಂದೊಂದರ ತೂಕ ನಾಲ್ಕು ಕೆಜಿ ಹತ್ತಿರ. ಎಲ್ಲವೂ ಒಂದೇ ದಿನ ಹುಟ್ಟಿದವು, ಒಂದೇ ಕಾರಿನಲ್ಲಿ ಓಡಿದವು. ಆದರೂ ಸಮನಾಗಿ ಸವೆದಿರುವುದಿಲ್ಲ. ಮೊದಮೊದಲು ಒಂದು ಬ್ಯಾಟರಿಯ 48ನ್ನೂ ಅಳೆಯಲು 16 ದಿನ ಹಿಡಿಯುತ್ತಿತ್ತು. ಆಮೇಲೆ ಅದನ್ನು ನಾಲ್ಕು ಗಂಟೆಗೆ ಇಳಿಸಿದರು. ಶೇಕಡಾ 80ಕ್ಕಿಂತ ಜಾಸ್ತಿ ಶಕ್ತಿ ಇರುವ ಮಾಡ್ಯೂಲ್‌ಗಳನ್ನು ಆರಿಸಿ, ಸೇರಿಸಿ, ಮತ್ತೆ ಕಾರಿನ ಬ್ಯಾಟರಿ ಮಾಡುತ್ತಾರೆ. ನವೀಕರಿಸಿದ ಬ್ಯಾಟರಿ ಅಂದರೆ ಇದೇ. ಅದಕ್ಕಿಂತ ಸೋತವು ಫೋರ್ಕ್‌ಲಿಫ್ಟ್‌ಗೋ ಬೀದಿದೀಪಕ್ಕೋ ಹೋಗುತ್ತವೆ. ಆಗ ನವೀಕರಿಸಿದ ಕಾರಿನ ಬ್ಯಾಟರಿಯ ಬೆಲೆ ಮೂರು ಲಕ್ಷ ಯೆನ್. ಹೊಸದರ ಅರ್ಧಕ್ಕಿಂತಲೂ ಕಡಿಮೆ.

ಇಲ್ಲಿ ಅಳೆದು ಜೋಡಿ ಮಾಡುವುದೇ ಮುಖ್ಯ ಕೆಲಸ. ಹೋರಿಯ ಜೊತೆ ಮುದಿ ಎತ್ತನ್ನು ನೊಗಕ್ಕೆ ಕಟ್ಟಿದರೆ ಗಾಡಿ ಮುದಿ ಎತ್ತಿನ ನಡಿಗೆಯಲ್ಲೇ ಹೋಗುತ್ತದೆ. ಬ್ಯಾಟರಿಯೂ ಹಾಗೇ. ಮಾಡ್ಯೂಲ್‌ಗಳು ಒಂದರ ಹಿಂದೊಂದು ಸರಣಿಯಲ್ಲಿರುತ್ತವೆ. ಅತಿ ಸೋತದ್ದು ಖಾಲಿಯಾದ ಕೂಡಲೇ ಕಾರು ನಿಲ್ಲುತ್ತದೆ, ಉಳಿದವುಗಳಲ್ಲಿ ಶಕ್ತಿ ಇದ್ದರೂ. ಕೆಟ್ಟ ಒಂದೆರಡನ್ನು ಮಾತ್ರ ತೆಗೆದು ಅಪಘಾತದ ಕಾರಿನಿಂದ ಸಿಕ್ಕಿದ್ದನ್ನು ತುರುಕುವ ಗ್ಯಾರೇಜುಗಳೂ ಇವೆ. ಇವತ್ತು ಕಾರು ಓಡುತ್ತದೆ. ಕೆಲವು ತಿಂಗಳಲ್ಲಿ ಅದರ ಪಕ್ಕದ್ದು ಕೈಕೊಡುತ್ತದೆ. ಇದನ್ನು ರಿಪೇರಿ ಅನ್ನಬಹುದೇ ಹೊರತು ನವೀಕರಿಸಿದ ಬ್ಯಾಟರಿ ಅಂತ ನಾನು ಒಪ್ಪುವುದಿಲ್ಲ.

ಆದ್ದರಿಂದ ನವೀಕರಿಸಿದ ಬ್ಯಾಟರಿ ಮಾರುವವರು "ಎಂಬತ್ತೈದು ಪರ್ಸೆಂಟ್ ಇದೆ ಸಾರ್" ಅಂದರೆ ಅಲ್ಲಿಗೇ ಸುಮ್ಮನಾಗಬೇಡಿ. ಪ್ರತಿ ಮಾಡ್ಯೂಲ್ ಅಳೆದ ಪಟ್ಟಿ ಕೇಳಿ. ಲೀಫ್ ಓಡಿಸುವವರು ಲೀಫ್ ಸ್ಪೈ ಅಂತ ಒಂದು ಆ್ಯಪ್ ಬಳಸುತ್ತಾರೆ. ಸ್ಟೀರಿಂಗ್ ಕೆಳಗಿನ ಪೋರ್ಟ್‌ಗೆ ಒಂದು ಸಣ್ಣ ಅಡಾಪ್ಟರ್ ಸಿಕ್ಕಿಸಿದರೆ ಮೊಬೈಲ್‌ನಲ್ಲಿ 96 ಕಂಬಗಳು ಕಾಣುತ್ತವೆ, ಸೆಲ್ ಜೋಡಿಗೊಂದರಂತೆ. ತುಂಬಿದ ಬ್ಯಾಟರಿಯಲ್ಲಿ ಎಲ್ಲವೂ ಒಂದೇ ಎತ್ತರ ಕಾಣುತ್ತವೆ, ನಂಬಬೇಡಿ. ಚಾರ್ಜ್ ಇಳಿದ ಮೇಲೆ ನೋಡಿ. ಸೋತ ಸೆಲ್ಲಿನ ಕಂಬ ಆಗ ತಾನಾಗಿಯೇ ತಗ್ಗುತ್ತದೆ. ಇನ್ನೊಂದು ಚಾಲಾಕಿಯೂ ಇದೆ. ಬ್ಯಾಟರಿ ಕಂಪ್ಯೂಟರಿನ ಲೆಕ್ಕ ಅಳಿಸಿ ಹನ್ನೆರಡೂ ಗೆರೆ ಹೊತ್ತಿಸಿ ಮಾರುವವರಿದ್ದಾರೆ. ಸ್ವಲ್ಪ ದಿನ ಓಡಿದ ಮೇಲೆ ಗೆರೆಗಳು ಮತ್ತೆ ಇಳಿಯುತ್ತವೆ. ಒಂದು ಸಲ ಪೂರ್ತಿ ಚಾರ್ಜ್ ಮಾಡಿ ದೂರ ಓಡಿಸಿ ನೋಡುವುದೇ ಮೇಲು. ಅಂದಹಾಗೆ, ಬಿಚ್ಚಿ ನೋಡುವ ಸಾಹಸ ಬೇಡವೇ ಬೇಡ. ಒಳಗಿರುವುದು ಸುಮಾರು 400 ವೋಲ್ಟ್. ಕಾರು ಆಫ್ ಮಾಡಿದರೂ ಅದು ಬ್ಯಾಟರಿಯೊಳಗೆ ಹಾಗೇ ಇರುತ್ತದೆ.

ಬ್ಯಾಟರಿ ಬದಲಾಯಿಸುವುದು ಬೆಂಗಳೂರಿಗೆ ಹೊಸದೇನಲ್ಲ. 2001ರಲ್ಲಿ ಬಂದ ರೇವಾ ಕಾರಿನ ಸೀಟಿನ ಕೆಳಗೆ ಎಂಟು ಸೀಸದ ಬ್ಯಾಟರಿ ಇರುತ್ತಿದ್ದವು. ಕೆಲವು ವರ್ಷಕ್ಕೊಮ್ಮೆ ಅಷ್ಟನ್ನೂ ಹೊಸದು ಹಾಕಿಸಲೇಬೇಕಿತ್ತು. ಲಿಥಿಯಂ ಅಷ್ಟು ಬೇಗ ಸೋಲುವುದಿಲ್ಲ. ನೆಕ್ಸಾನ್ ಇವಿ 2020ರಲ್ಲಿ ಬಂದಾಗಲೇ ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇತ್ತು. ಅಂದರೆ ಮೊದಲು ಕೊಂಡವರ ವಾರಂಟಿ 2028ರಲ್ಲಿ ಮುಗಿಯುತ್ತದೆ. ನವೀಕರಿಸಿದ ಬ್ಯಾಟರಿಯ ವ್ಯಾಪಾರ ನಮ್ಮಲ್ಲಿ ಜೋರಾಗುವುದು ಆಮೇಲೆಯೇ ಅಂತ ನನ್ನ ಲೆಕ್ಕ.

ಆ ಹೊತ್ತಿಗೆ ಒಂದು ವಿಷಯ ನೆನಪಿರಲಿ. ಕೇಂದ್ರ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿಯನ್ನು ಸಂಗ್ರಹಿಸಿ ನವೀಕರಿಸುವ ಅಥವಾ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಗುಜರಿಯವನಿಗೆ ಕೊಡಬೇಡಿ. ಸೋತ ಬ್ಯಾಟರಿಯಲ್ಲೂ ಚೆನ್ನಾಗಿರುವ ಮಾಡ್ಯೂಲ್‌ಗಳಿರುತ್ತವೆ, ಅವುಗಳಿಗೆ ದುಡ್ಡು ಕೊಡುವವರಿದ್ದಾರೆ. ಹೊಸದಕ್ಕೆ ಬೆಲೆ ಕೇಳುವ ಮೊದಲು ಹಳೇದಕ್ಕೆ ಎಷ್ಟು ಕೊಡ್ತೀರಿ ಅಂತ ಕೇಳಿ, ಅದನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ನಮಸ್ಕಾರ.