ಇಲ್‌ಫರ್ಡ್‌ನಲ್ಲಿ ಬಿದ್ದ ಮೊದಲ ಗೋಲು

ಎಲ್ಲರಿಗೂ ನಮಸ್ಕಾರ. ಸ್ವತಂತ್ರ ಭಾರತದ ಪರ ಫುಟ್‌ಬಾಲ್‌ನಲ್ಲಿ ಮೊದಲ ಗೋಲು ಹೊಡೆದವರು ಯಾರು ಅಂತ ಬೆಂಗಳೂರಿನಲ್ಲೇ ಕೇಳಿ ನೋಡಿ, ಬಹಳ ಮಂದಿ ತಲೆ ಕೆರೆದುಕೊಳ್ಳುತ್ತಾರೆ. ಸಾರಂಗಪಾಣಿ ರಾಮನ್. ಇದೇ ಊರಿನವರು.

1948ರ ಜುಲೈ 31. ಸ್ವಾತಂತ್ರ್ಯಕ್ಕೆ ಇನ್ನೂ ವರ್ಷ ತುಂಬಿರಲಿಲ್ಲ. ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ತಂಡಕ್ಕೆ ಎದುರಾದದ್ದು ಫ್ರಾನ್ಸ್. ಆಟ ಇಲ್‌ಫರ್ಡ್‌ನ ಕ್ರಿಕಲ್‌ಫೀಲ್ಡ್ ಮೈದಾನದಲ್ಲಿ. ನಾಯಕ ತಾಲಿಮೆರೆನ್ ಆವೊ. ನಾಗಾ ಬೆಟ್ಟಗಳಿಂದ ಕಲ್ಕತ್ತೆಗೆ ಬಂದು, ವೈದ್ಯಕೀಯ ಓದುತ್ತಲೇ ಅಲ್ಲಿನ ಮೋಹನ್ ಬಾಗಾನ್ ಕ್ಲಬ್ಬಿಗೆ ಆಡುತ್ತಿದ್ದವರು. ಆ ಒಲಿಂಪಿಕ್ಸ್‌ನ ಉದ್ಘಾಟನೆಯಲ್ಲಿ ತ್ರಿವರ್ಣಧ್ವಜ ಹಿಡಿದು ನಡೆದವರೂ ಅವರೇ.

ಫ್ರಾನ್ಸ್ ಮೊದಲು ಗೋಲು ಹೊಡೆಯಿತು. ದ್ವಿತೀಯಾರ್ಧದಲ್ಲಿ ರಾಮನ್ ಸಮ ಮಾಡಿದರು. ಆಟ ಮುಗಿಯಲು ಇನ್ನೇನು ಒಂದೆರಡು ನಿಮಿಷ ಇದೆ ಅನ್ನುವಾಗ ಫ್ರಾನ್ಸ್ ಮತ್ತೊಂದು ಹೊಡೆದು 2-1ರಲ್ಲಿ ಗೆದ್ದಿತು. ನಮಗೆ ಎರಡು ಪೆನಾಲ್ಟಿ ಸಿಕ್ಕಿದ್ದವು, ಎರಡನ್ನೂ ಕಳೆದುಕೊಂಡೆವು. ಈ ಪಂದ್ಯ ಅಂದರೆ ಎಲ್ಲರಿಗೂ ನೆನಪಾಗುವುದು ನಮ್ಮವರಲ್ಲಿ ಬಹುಪಾಲು ಮಂದಿ ಬರಿಗಾಲಲ್ಲಿ ಆಡಿದರು ಅನ್ನುವುದು. ನನ್ನನ್ನು ಕೇಳಿದರೆ ಅಲ್ಲಿ ಸೋಲಿಸಿದ್ದು ಬರಿಗಾಲಲ್ಲ, ಆ ಎರಡು ಪೆನಾಲ್ಟಿ.

ಬರಿಗಾಲನ್ನು ಬಡತನದ ಗುರುತು ಅಂತ ಕನಿಕರದಿಂದ ಹೇಳುವವರಿದ್ದಾರೆ. ಅದು ಅರ್ಧಸತ್ಯ. ಒಣ, ಗಟ್ಟಿ ನೆಲದಲ್ಲಿ ಬೆಳೆದ ಆಟಗಾರನಿಗೆ ಚೆಂಡು ಹೆಬ್ಬೆರಳಿಗೆ ಅಂಟಿಕೊಂಡ ಹಾಗೆ ಬರುತ್ತಿತ್ತು. ಬೂಟು ಹಾಕಿದರೆ ಆ ಸ್ಪರ್ಶವೇ ಹೋಗುತ್ತಿತ್ತು. ದಂಡು ಪ್ರದೇಶದಲ್ಲಿ ಸೈನಿಕರ ಆಟ ನೋಡಿ ಕಲಿತ ನಮ್ಮ ಹುಡುಗರು ಇದರಲ್ಲಿ ಪಳಗಿದ್ದರು. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತ್ತು. 1946ರಲ್ಲಿ ಮೈಸೂರು ತಂಡ ಬಂಗಾಳವನ್ನೇ ಸೋಲಿಸಿ, ಪ್ರಾಂತ್ಯಗಳ ನಡುವಿನ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಎತ್ತಿತ್ತು. ಹಾಗಾಗಿ ಲಂಡನ್ನಿಗೆ ಹೋದ ತಂಡದಲ್ಲಿ ರಾಮನ್ ಜೊತೆ ನಮ್ಮವರೇ ಆದ ಅಹ್ಮದ್ ಖಾನ್, ಧನರಾಜ್, ವಜ್ರವೇಲು, ಗೋಲಿ ವರದರಾಜ್ ಇದ್ದದ್ದು ಯಾರ ಔದಾರ್ಯದಿಂದಲೂ ಅಲ್ಲ.

1950ರ ವಿಶ್ವಕಪ್‌ಗೆ ಬರಿಗಾಲಿನ ಕಾರಣಕ್ಕೇ ನಾವು ಹೋಗಲಿಲ್ಲ ಅನ್ನುವ ಕಥೆ ನಿಮಗೂ ಗೊತ್ತಿರುತ್ತದೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಆಗ ಕೊಟ್ಟ ಕಾರಣಗಳು ಬೇರೆ: ತಂಡದ ಆಯ್ಕೆಯಲ್ಲಿ ಒಮ್ಮತ ಇಲ್ಲ, ಅಭ್ಯಾಸಕ್ಕೆ ಸಮಯ ಸಾಲದು. ಆಗಿನವರಿಗೆ ಒಲಿಂಪಿಕ್ಸೇ ದೊಡ್ಡದು, ವಿಶ್ವಕಪ್ ಅಲ್ಲ. ಈಗ ಕೈಕೈ ಹಿಸುಕಿಕೊಳ್ಳುವವರು ನಾವು.

ಮರುವರ್ಷ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ, ಶೈಲೇನ್ ಮನ್ನಾ ನಾಯಕರಾಗಿ, ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಕೋಚ್ ಆಗಿ, ಇರಾನನ್ನು 1-0ಯಿಂದ ಸೋಲಿಸಿ ಚಿನ್ನ ಬಂತು. ಗೋಲು ಮೇವಾಲಾಲ್ ಅವರದು.

ಬರಿಗಾಲಿನ ನಿಜವಾದ ಪರೀಕ್ಷೆ ನಡೆದದ್ದು 1952ರಲ್ಲಿ, ಹೆಲ್ಸಿಂಕಿಯಲ್ಲಿ. ಯೂರೋಪಿನ ಚಳಿ, ಎದುರಿಗೆ ಬೆಳ್ಳಿ ಗೆಲ್ಲಲಿದ್ದ ಯುಗೊಸ್ಲಾವಿಯ. ಫಲಿತಾಂಶ 10-1. ಆ ಒಂದು ಗೋಲು ಮತ್ತೆ ನಮ್ಮೂರಿನದೇ, ಅಹ್ಮದ್ ಖಾನ್ ಅವರದು. ಎರಡು ಒಲಿಂಪಿಕ್ಸ್, ಭಾರತಕ್ಕೆ ಒಟ್ಟು ಎರಡು ಗೋಲು, ಎರಡೂ ಬೆಂಗಳೂರಿನವರ ಕಾಲಿನಿಂದ. ಹೆಲ್ಸಿಂಕಿಯ ನಂತರ ಫೆಡರೇಷನ್ ಬೂಟು ಕಡ್ಡಾಯ ಮಾಡಿತು. 1956ರಲ್ಲಿ ಬೂಟು ಹಾಕಿಕೊಂಡೇ ಮೆಲ್ಬೋರ್ನಿಗೆ ಹೋದ ತಂಡ ಆಸ್ಟ್ರೇಲಿಯಾಕ್ಕೆ ನಾಲ್ಕು ಗೋಲು ಹೊಡೆದು ಸೆಮಿಫೈನಲ್ ತಲುಪಿತು.